ಮೂರು ದಿನದ ಘಟ್ಟದ ನಡಿಗೆಗೆ ನೀರು: ಕುದಿಸುವುದೋ, ಕ್ಲೋರಿನ್ ಮಾತ್ರೆಯೋ, ಫಿಲ್ಟರೋ?

ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿದು ಬೆಳೆದ ನಮ್ಮ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಹರಿಯುವ ನೀರಿನ ಮೇಲೆ ಭಾರೀ ನಂಬಿಕೆ. ಸುರಂಗದ ಮಟ್ಟಿಗೆ ಅದು ತಪ್ಪೇನಲ್ಲ. ಮುರಕಲ್ಲಿನೊಳಗಿಂದ ಸೋಸಿಕೊಂಡು ಬರುವ ನೀರದು. ಘಟ್ಟದ ತೋಡು, ಅಂದರೆ ಹಳ್ಳ, ಹಾಗಲ್ಲ. ಮೇಲ್ಗಡೆ ಆನೆ, ಕಾಟಿ, ಕಡವೆ ನೀರಿಗಿಳಿದಿರುತ್ತವೆ. ಅದಕ್ಕಿಂತ ಹೆಚ್ಚಾಗಿ, ನಿಮಗಿಂತ ಮೊದಲು ಹೋದ ತಂಡ ತೋಡಿನ ಬದಿಯಲ್ಲೇ ಬೆಳಗಿನ ಕೆಲಸ ಮುಗಿಸಿರುತ್ತದೆ. ರಾಣಿಪುರದಂಥ ಒಂದು ದಿನದ ಗುಡ್ಡಕ್ಕಾದರೆ ಮನೆಯಿಂದಲೇ ಮೂರು ಲೀಟರ್ ಹೊತ್ತರೆ ಮುಗಿಯಿತು. ತಿರುವನಂತಪುರದ ಕಡೆಯ ಅಗಸ್ತ್ಯಕೂಡದಂಥ (1868 ಮೀಟರ್) ಮೂರು ದಿನದ ದಾರಿಗೆ ಆ ಲೆಕ್ಕ ನಡೆಯದು.

ಲೆಕ್ಕ ಹೀಗೆ: ತಲೆಗೆ ದಿನಕ್ಕೆ ಕುಡಿಯಲು 3 ಲೀಟರ್, ಅಡುಗೆ-ಚಹಾಕ್ಕೆ 1 ಲೀಟರ್. ಮೂರು ಜನ, ಮೂರು ದಿನ ಎಂದರೆ 36 ಲೀಟರ್. ಅಷ್ಟನ್ನು ಯಾರೂ ಹೊರಲಾರರು, ದಾರಿಯಲ್ಲೇ ಶುದ್ಧ ಮಾಡಿಕೊಳ್ಳಬೇಕು. ಮೂರು ವಿಧಾನಗಳನ್ನೂ ಬಳಸಿ ನೋಡಿದ ಮೇಲೆ ನಮ್ಮ ಅಳತೆಗೋಲು ತೂಕವೂ ಅಲ್ಲ, ಬೆಲೆಯೂ ಅಲ್ಲ. ಮಧ್ಯಾಹ್ನ ಎರಡು ಗಂಟೆಗೆ, ಬೆವರಿಳಿದು ಬಾಯೊಣಗಿದವನು ಆ ವಿಧಾನವನ್ನು ಪೂರ್ತಿ ಪಾಲಿಸುತ್ತಾನೋ ಇಲ್ಲವೋ, ಅಷ್ಟೇ.

ಕುದಿಸುವುದರಲ್ಲಿ ಸಂಶಯಕ್ಕೆ ಜಾಗವಿಲ್ಲ. ಬ್ಯಾಕ್ಟೀರಿಯಾ, ವೈರಸ್, ಪರೋಪಜೀವಿ ಎಲ್ಲವೂ ಸಾಯುತ್ತವೆ. 300 ಮೀಟರ್ ಮೇಲೇರಿದಂತೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುವುದರಿಂದ ಅಗಸ್ತ್ಯಕೂಡದ ನೆತ್ತಿಯಲ್ಲಿ ನೀರು 94 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಆದರೂ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. 2000 ಮೀಟರ್ ದಾಟಿದರೆ ಮೂರು ನಿಮಿಷ. ಕಷ್ಟ ಇರುವುದು ಗ್ಯಾಸಿನಲ್ಲಿ. ಗಾಳಿಯಿಲ್ಲದ ಜಾಗದಲ್ಲಿ, ಮುಚ್ಚಳ ಹಾಕಿ ಕುದಿಸಿದರೆ ಲೀಟರಿಗೆ 12 ಗ್ರಾಂ ಆಸುಪಾಸು ಬೇಕು. ಹುಲ್ಲುಗಾವಲಿನ ಗಾಳಿಯಲ್ಲಿ ಅದು ಸುಲಭವಾಗಿ ದುಪ್ಪಟ್ಟು. ಕುಡಿಯುವ 27 ಲೀಟರನ್ನೇ ಕುದಿಸಲು ಗಾಳಿಯಿಲ್ಲದಿದ್ದರೂ 230 ಗ್ರಾಮಿನ ಡಬ್ಬಿ ಒಂದೂವರೆ ಬೇಕು, ಅಡುಗೆ ಬೇರೆ. (ಅಡುಗೆ ಎಂದಾಗ ನೆನಪಾಯಿತು: ಕುಚ್ಚಿಲು ಅಕ್ಕಿ ಹೊತ್ತುಕೊಂಡು ಹೋಗಬೇಡಿ. ಗಂಜಿ ಬೇಯುವಷ್ಟರಲ್ಲಿ ಡಬ್ಬಿ ಹಗುರಾಗಿರುತ್ತದೆ. ಅವಲಕ್ಕಿಯೇ ವಾಸಿ.) ಕಾಸರಗೋಡಿನಿಂದ ತಿರುವನಂತಪುರಕ್ಕೆ ರೈಲು ಹತ್ತುವವರು ಇನ್ನೊಂದು ವಿಷಯ ಗಮನಿಸಬೇಕು: ರೈಲಿನಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ, ಇಳಿದ ಊರಿನಲ್ಲೇ ಕೊಳ್ಳಬೇಕು. ಪರವಾನಗಿ ಪಡೆಯುವಾಗಲೇ ಕಾಡಿನೊಳಗೆ ಸ್ಟವ್ ಹಚ್ಚಬಹುದೇ ಎಂದು ಅರಣ್ಯ ಇಲಾಖೆಯವರಲ್ಲಿ ಕೇಳಿ. ಸೌದೆ ಬೆಂಕಿಯ ಮಾತೇ ಬೇಡ, ಒಣಹುಲ್ಲಿನ ಕಾಲದಲ್ಲಿ ಒಂದು ಕಿಡಿಗೆ ಗುಡ್ಡವೇ ಹೋಗುತ್ತದೆ.

ಗಾಳಿಗೆ ಮರೆ ಕಟ್ಟುವಾಗ ಒಂದು ಅಪಾಯವಿದೆ. ಡಬ್ಬಿಯ ನೆತ್ತಿಗೇ ತಿರುಗಿಸಿ ಕೂರಿಸುವ ಸ್ಟವ್ ಆದರೆ ಸುತ್ತಲೂ ತಗಡು ಮುಚ್ಚಬಾರದು. ಬಿಸಿ ಕೆಳಕ್ಕೆ ತಿರುಗಿ ಡಬ್ಬಿಗೆ ತಾಗುತ್ತದೆ, ಡಬ್ಬಿ ಒಡೆಯಲೂಬಹುದು. ಗಾಳಿ ಬರುವ ಒಂದೇ ಬದಿಗೆ ಮರೆ ಇಟ್ಟು, ಆಗಾಗ ಡಬ್ಬಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆಚ್ಚಗೆನಿಸಿದರೆ ಮರೆ ತೆಗೆಯಿರಿ. ಮಳೆ ಬಂತೆಂದು ಸ್ಟವ್ವನ್ನು ಟೆಂಟಿನೊಳಗೆ ತರುವುದಂತೂ ಸಲ್ಲ. ಸ್ಟವ್ ಬಿಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಕ್ಲೋರಿನ್ ಮಾತ್ರೆ ತೂಕದಲ್ಲಿ ಗೆಲ್ಲುತ್ತದೆ, ಶಿಸ್ತಿನಲ್ಲಿ ಸೋಲುತ್ತದೆ. ಒಂದು ಪಟ್ಟಿ ಅಂಗಿಯ ಕಿಸೆಯಲ್ಲಿ ಕೂರುತ್ತದೆ. ಮೊದಲ ತಪ್ಪು ಕೊಳ್ಳುವಾಗಲೇ ಆಗುತ್ತದೆ: ಒಂದು ಲೀಟರಿಗೆ ಒಂದು ಎಂಬ ಸಣ್ಣ ಮಾತ್ರೆಯೂ ಇದೆ, 20 ಲೀಟರಿನ ಕೊಡಕ್ಕೆ ಒಂದು ಎಂಬುದೂ ಇದೆ. ದೊಡ್ಡದನ್ನು ಚೂರು ಮಾಡಿ ಅಂದಾಜಿನಲ್ಲಿ ಹಾಕುವ ಬದಲು ಲೀಟರಿನ ಲೆಕ್ಕದ್ದನ್ನೇ ತನ್ನಿ. ಎರಡನೆಯದು, 30 ನಿಮಿಷ ಕಾಯಬೇಕು. ತಣ್ಣೀರಿನಲ್ಲಿ ಇನ್ನೂ ಹೆಚ್ಚು. ಇಲ್ಲಿಯೇ ಎಲ್ಲರೂ ಜಾರುವುದು, ಹತ್ತೇ ನಿಮಿಷಕ್ಕೆ ಬಾಟಲಿ ಬಾಯಿಗೆ ಬರುತ್ತದೆ. ಮೂರನೆಯದು, ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಕ್ಲೋರಿನ್ ಆ ಕೊಳೆಯ ಮೇಲೆಯೇ ಖರ್ಚಾಗಿಬಿಡುತ್ತದೆ. ಬೈರಾಸನ್ನು (ತೆಳು ಟವೆಲನ್ನು) ನಾಲ್ಕು ಮಡಿಕೆ ಮಾಡಿ ಸೋಸಿದ ಮೇಲೆಯೇ ಮಾತ್ರೆ ಹಾಕಿ. ವಾಸನೆ ತಡೆಯದೆ ಪುನರ್ಪುಳಿ ಶರಬತ್ತನ್ನೋ ನಿಂಬೆಹುಳಿಯನ್ನೋ ಕೂಡಲೇ ಬೆರೆಸುವವರಿದ್ದಾರೆ. ಅದೂ ಕ್ಲೋರಿನ್ನನ್ನು ತಿಂದುಹಾಕುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಬೆರೆಸಿದರೆ ವಾಸನೆಯೂ ಹೋಗುತ್ತದೆ, ಕೆಲಸವೂ ಕೆಡುವುದಿಲ್ಲ. ಬಾಟಲಿಯ ಕತ್ತಿನ ತಿರುಪಿನಲ್ಲಿ ಹಸಿ ನೀರು ಉಳಿದಿರುತ್ತದೆ. ಮಾತ್ರೆ ಕರಗಿದ ಮೇಲೆ ಮುಚ್ಚಳ ತುಸು ಸಡಿಲಿಸಿ, ಬಾಟಲಿ ತಲೆಕೆಳಗೆ ಮಾಡಿ ನಾಲ್ಕು ಹನಿ ಹೊರಬೀಳುವಂತೆ ಮಾಡಿ ಮತ್ತೆ ಬಿಗಿಯಿರಿ. ಇಷ್ಟೆಲ್ಲ ಮಾಡಿದರೂ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಕ್ಲೋರಿನ್ನಿಗೆ ಬಗ್ಗುವುದಿಲ್ಲ.

ಫಿಲ್ಟರ್ ಎಂದರೆ ಕೈಗೆ ಹಿಡಿಸುವ, 0.1 ಮೈಕ್ರಾನ್ ತೂತಿನ ಹಾಲೋ ಫೈಬರ್ (ಟೊಳ್ಳು ನಾರಿನ) ಬಗೆಯದು. ಹಸಿ ನೀರಿನ ಚೀಲಕ್ಕೆ ಕೂರಿಸಿ ಒತ್ತಿದ ಕೂಡಲೇ ನೀರು. ದಣಿದವನೂ ತಪ್ಪದೆ ಮಾಡುವ ಕೆಲಸ ಇದೊಂದೇ, ಹಾಗಾಗಿ ಹಗಲಿನ ನಡಿಗೆಗೆ ನಮ್ಮ ಮತ ಇದಕ್ಕೇ. ಬ್ಯಾಕ್ಟೀರಿಯಾವನ್ನೂ ಕ್ರಿಪ್ಟೋಸ್ಪೊರಿಡಿಯಂ ಅನ್ನೂ ತಡೆಯುತ್ತದೆ. ವೈರಸ್ ಮಾತ್ರ ನುಸುಳುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ಆ ಪೈಕಿಯದು. ಜನ ಹೆಚ್ಚು ಓಡಾಡುವ ದಾರಿಯಲ್ಲಿ ಬರೀ ಫಿಲ್ಟರನ್ನು ನಂಬಬಾರದು.

ಕೈಕೊಡುವುದು ಹೀಗೆ. ಮಳೆ ಬಿದ್ದ ಮಾರನೆಯ ದಿನದ ಕೆಂಪು ನೀರನ್ನು ನೇರ ಹಾಕಿದರೆ ಎರಡು-ಮೂರು ಲೀಟರಿಗೇ ಧಾರೆ ಹನಿಯಾಗುತ್ತದೆ. ಆಗ ಹೆಚ್ಚು ಬಲ ಹಾಕಿ ಚೀಲ ಹಿಂಡುತ್ತೇವೆ, ಚೀಲದ ಹೊಲಿಗೆ ಬಿಡುತ್ತದೆ. ನೀರನ್ನು ಪಾತ್ರೆಯಲ್ಲಿ ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಬೈರಾಸಿನಲ್ಲಿ ಸೋಸಿ ಹಾಕಿ. ಜೊತೆಗೆ ಕೊಟ್ಟ ಸಿರಿಂಜಿನಿಂದ ಶುದ್ಧ ನೀರನ್ನು ಬಾಯಿಯ ಕಡೆಯಿಂದ ಹಿಂದಕ್ಕೆ ಜೋರಾಗಿ ಒತ್ತುವುದು ಪ್ರತಿ ಸಂಜೆಯ ಕೆಲಸ. ಸಿರಿಂಜ್ ಭಾರವೆಂದು ಮನೆಯಲ್ಲಿ ಬಿಟ್ಟು ಹೋದರೆ ಎರಡನೆಯ ದಿನ ಪಶ್ಚಾತ್ತಾಪ ಖಂಡಿತ. ಅಂಗಡಿಯ ಎಲ್ಲ ನೀರಿನ ಬಾಟಲಿಗಳ ತಿರುಪು ಫಿಲ್ಟರಿಗೆ ಕೂರುವುದಿಲ್ಲ. ಮನೆಯಲ್ಲೇ ತಿರುಗಿಸಿ, ತಲೆಕೆಳಗೆ ಹಿಡಿದು ಹಿಂಡಿ ನೋಡಿ. ಪಕ್ಕದಿಂದ ಒಂದು ಹನಿ ಸೋರಿದರೂ ಅದು ಹಸಿ ನೀರು, ಕೆಳಗಿನ ಶುದ್ಧ ಬಾಟಲಿಗೇ ಬೀಳುವುದು. ಹಸಿ ನೀರಿನ ಚೀಲಕ್ಕೆ ಕೆಂಪು ದಾರ ಕಟ್ಟಿಡಿ, ಕತ್ತಲೆಯಲ್ಲಿ ಅದಲುಬದಲಾಗುವುದು ಮಾಮೂಲು. ಇದೇ ಫಿಲ್ಟರನ್ನು ಹಿಮಾಲಯಕ್ಕೆ ಒಯ್ದರೆ ರಾತ್ರಿ ಮಲಗುವ ಚೀಲದೊಳಗೇ ಇಟ್ಟುಕೊಳ್ಳಿ. ಒಳಗಿನ ನೀರು ಹೆಪ್ಪುಗಟ್ಟಿದರೆ ನಾರು ಬಿರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಮೂರು ಜನರ ತಂಡಕ್ಕೆ ನಾವು ಒಪ್ಪುವ ಹಂಚಿಕೆ: ನಡೆಯುವಾಗ ಫಿಲ್ಟರ್. ಮೇಲ್ಗಡೆ ಜನವಸತಿಯೋ ಬಿಡಾರವೋ ಇದ್ದರೆ ಫಿಲ್ಟರ್ ಆದ ನೀರಿಗೇ ಮಾತ್ರೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸಂಜೆ ಹೇಗಿದ್ದರೂ ಸ್ಟವ್ ಹಚ್ಚುತ್ತೀರಿ, ಆಗಲೇ ಮಾರನೆಯ ಬೆಳಗಿಗೆ ತಲಾ ಒಂದು ಲೀಟರ್ ಕುದಿಸಿ ಸ್ಟೀಲ್ ಬಾಟಲಿಗೆ ತುಂಬಿ. ರಾತ್ರಿ ಅದನ್ನು ಕಾಲ್ಚೀಲದೊಳಗೆ ಹಾಕಿ ಕಾಲ ಬುಡದಲ್ಲಿಟ್ಟರೆ ಚಳಿಗೂ ಆಯಿತು. ಫಿಲ್ಟರ್ ಕೆಟ್ಟರೆಂದು 30 ಮಾತ್ರೆಗಳು ಯಾವತ್ತೂ ಇರಲಿ, ಒಬ್ಬರ ಬಳಿಯಲ್ಲ, ಮೂವರಲ್ಲೂ ಹತ್ತತ್ತು.

ಇಂಬಳಕ್ಕೂ ಇದೇ ಅಳತೆಗೋಲು. ಹೊಗೆಸೊಪ್ಪು-ಸುಣ್ಣ ಎಲೆತಟ್ಟೆಯಲ್ಲೇ ಸಿಗುತ್ತದೆ, ಉಪ್ಪಿನ ಕಿಳಿಯೂ (ಬಟ್ಟೆಯ ಗಂಟು) ಅಗ್ಗ. ಆದರೆ ಒಂದು ತೋಡು ದಾಟಿದರೆ ಎರಡೂ ತೊಳೆದುಹೋಗುತ್ತವೆ, ಸುಣ್ಣ ಒದ್ದೆ ಚರ್ಮವನ್ನು ಸುಡುತ್ತದೆ. ಮೊಣಕಾಲಿನವರೆಗೆ ಬರುವ ದಪ್ಪ ನೇಯ್ಗೆಯ ಇಂಬಳದ ಕಾಲ್ಚೀಲ ಬೆಳಿಗ್ಗೆ ಒಮ್ಮೆ ಕಟ್ಟಿದರೆ ಸಂಜೆವರೆಗೆ ನೆನಪಿಡುವುದು ಏನೂ ಇಲ್ಲ. ಪ್ಯಾಂಟ್ ಅದರೊಳಗೆ ಹೋಗಬೇಕು, ಹೊರಗಲ್ಲ. ಹತ್ತಿಕೊಂಡ ಇಂಬಳಕ್ಕೆ ಉಪ್ಪು, ಬೆಂಕಿ ಬೇಡ; ಹೀರಿದ್ದನ್ನು ಗಾಯಕ್ಕೇ ಕಕ್ಕಬಹುದು. ಸಪೂರ ತುದಿಯ ಬುಡಕ್ಕೆ ಉಗುರು ಸರಿಸಿ ಬಿಡಿಸಿ, ಗಾಯ ಒತ್ತಿ ಹಿಡಿದು ಮುಚ್ಚಿ. ತೆರೆದ ಗಾಯದಲ್ಲಿ ಕೊಚ್ಚೆ ನೀರಿಗಿಳಿದರೆ ಇಲಿಜ್ವರದ ಭಯವೂ ಇದೆ. ಮರಳಿದ ಮೇಲೆ ಜ್ವರ, ಮೀನಖಂಡದ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಸುದ್ದಿ ಮುಟ್ಟಿಸುವುದಕ್ಕೆ ಆಯ್ಕೆಗಳು ಕಡಿಮೆ. ಸ್ಯಾಟಲೈಟ್ ಫೋನನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಮೊಬೈಲಿನ ಜಿಪಿಎಸ್ ಸಿಗ್ನಲ್ ಇಲ್ಲದೆಯೂ ನಡೆಯುತ್ತದೆ, ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ. ಆದರೆ ನೀವು ಎಲ್ಲಿದ್ದೀರಿ ಎಂದು ಅದು ಮನೆಯವರಿಗೆ ಹೇಳಲಾರದು. ಅದಕ್ಕೆ ಒಂದು ಹಾಳೆ ಕಾಗದವೇ ಸರಿ: ಯಾವ ದಾರಿ, ರಾತ್ರಿ ಎಲ್ಲಿ, ಜೊತೆಗೆ ಯಾರು, ಅರಣ್ಯ ಕಚೇರಿಯ ನಂಬರು, ಮತ್ತು ಮೂರನೆಯ ದಿನ ಎಷ್ಟು ಗಂಟೆಯೊಳಗೆ ಕರೆ ಬರದಿದ್ದರೆ ಆ ನಂಬರಿಗೂ 112ಕ್ಕೂ ಫೋನ್ ಮಾಡಬೇಕು ಎಂಬುದು. ಆ ಗಂಟೆಯನ್ನು ಇಳಿಯುವ ಅಂದಾಜಿಗಿಂತ ನಾಲ್ಕು ಗಂಟೆ ತಡವಾಗಿ ಬರೆಯಿರಿ. ಇಳಿದ ಕೂಡಲೇ ಚಹಾಕ್ಕಿಂತ ಮೊದಲು ಮನೆಗೆ ಫೋನ್.