ವುಶು ತಾವೊಲು, ಕರಾಟೆ, ಜೂಡೊ: ಯಾವುದಕ್ಕೆ ಸೇರುವುದು?

ಚೀನಾದ ಸಮರಕಲೆಯಾದ ವುಶು ಎಂದರೆ ಒಂದೇ ಆಟವಲ್ಲ; ಅದರಲ್ಲಿ ತಾವೊಲು, ಸಾಂಡಾ ಎಂಬ ಎರಡು ಬಗೆ. ತಾವೊಲು ಪ್ರದರ್ಶನದ್ದು: 14 ಮೀಟರ್ ಉದ್ದ, 8 ಮೀಟರ್ ಅಗಲದ ಹಾಸಿನ ಮೇಲೆ ವರಸೆ ಹಾಕುವುದು. ಜಿಗಿತಗಳಿರುವ ಸ್ಪರ್ಧೆಯಲ್ಲಿ 10 ಅಂಕಗಳ ಪೈಕಿ ಚಲನೆಯ ಗುಣಮಟ್ಟಕ್ಕೆ 5, ಒಟ್ಟು ಪ್ರದರ್ಶನಕ್ಕೆ 3, ಕಠಿಣ ಜಿಗಿತಕ್ಕೆ 2. ಸಾಂಡಾದಲ್ಲಿ ನಿಜವಾದ ಎದುರಾಳಿ, 2 ನಿಮಿಷದ ಸುತ್ತು. ಗುದ್ದು, ಒದೆತ, ಎತ್ತಿ ಕೆಡವುವುದು.

ಗಾಳಿಯಲ್ಲಿ ತಿರುಗಿ ಒದೆಯುವುದು ನೋಡಲು ಚೆಂದ. ಆದರೆ ಎರಡೂ ಪಾದ ನೆಲ ಬಿಟ್ಟ ಮೇಲೆ ದಿಕ್ಕು ಬದಲಿಸಲಾಗದು, ಅರೆಕ್ಷಣ ಬೆನ್ನು ಎದುರಾಳಿಗೆ ಸಿಗುತ್ತದೆ. ಒದ್ದೆ ರಸ್ತೆಯಲ್ಲಿ, ಜೀನ್ಸ್ ತೊಟ್ಟು ಇದನ್ನು ಮಾಡಹೊರಟವರು ಬೀಳುವುದೇ ಹೆಚ್ಚು. ಅಭ್ಯಾಸದಲ್ಲೂ ಪೆಟ್ಟು ಬೀಳುವುದು ನೆಲಕ್ಕಿಳಿಯುವಾಗ: ಮಂಡಿ ಒಳಕ್ಕೆ ವಾಲಿದರೆ ಅಸ್ಥಿರಜ್ಜು ಹರಿಯಬಹುದು. ಮೊದಲು ಇಳಿಯುವುದನ್ನು, ಆಮೇಲೆ ಗಾಳಿಯಲ್ಲಿ 360 ಡಿಗ್ರಿ ತಿರುಗುವುದನ್ನು, ಅದು ಕೂತ ಮೇಲೆ 540 ಕಲಿಸುವ ಗುರುವನ್ನು ಹುಡುಕಿ.

ಕರಾಟೆಯ ಕಟಾ, ಅಂದರೆ ಒಬ್ಬರೇ ಮಾಡುವ ನಿಗದಿತ ವರಸೆ, ನಿಲುವು, ಉಸಿರು, ಶಿಸ್ತು ಕೊಡುತ್ತದೆ. ಬರೀ ಕಟಾ ಮತ್ತು ಬೆಲ್ಟ್ ಪರೀಕ್ಷೆಯಲ್ಲೇ ಮುಗಿಯುವ ತರಗತಿಯಾದರೆ ಅದೂ ಒಂದು ಬಗೆಯ ಪ್ರದರ್ಶನವೇ. ಜೂಡೊದಲ್ಲಿ ಮೊದಲು ಬೀಳುವುದನ್ನು ಕಲಿಸುತ್ತಾರೆ, ಬಳಿಕ ಬಿಟ್ಟುಕೊಡದ ಜೊತೆಗಾರನೊಡನೆ ರಂದೋರಿ, ಅಂದರೆ ಮುಕ್ತ ಸೆಣಸಾಟದ ಅಭ್ಯಾಸ. ಗರಡಿಯ ಕುಸ್ತಿಯ ಬಲವೂ ಇದೇ.

ಆತ್ಮರಕ್ಷಣೆಯೇ ಗುರಿಯಾದರೆ ಪಟ್ಟುಗಳು ಕಡಿಮೆ ಸಾಕು. ಮಣಿಕಟ್ಟು ಹಿಡಿದರೆ ಹಿಡಿತದ ದುರ್ಬಲ ಜಾಗವಾದ ಅವರ ಹೆಬ್ಬೆರಳಿನ ಕಡೆಗೆ ತಿರುಚಿ ಎಳೆಯಿರಿ, ಕೂಗಿ, ಓಡಿ, 112ಕ್ಕೆ ಕರೆ ಮಾಡಿ. ಚಾಕುವನ್ನು ಕೈಯಿಂದ ಕಸಿಯುವುದನ್ನು ಮೊದಲ ವಾರವೇ ಕಲಿಸುವ ಶಿಬಿರಕ್ಕೆ ದುಡ್ಡು ಕಟ್ಟಬೇಡಿ.