ವಿಶ್ವ ಸರ್ಕಾರ ಬೇಕು ಅನ್ನುವವರು ಯಾರ ಜೊತೆ ಸೇರಬೇಕು?

ಇಡೀ ಜಗತ್ತಿಗೆ ಜನರೇ ಆರಿಸಿದ ಒಂದು ಒಕ್ಕೂಟ ಸರ್ಕಾರ ಬೇಕು ಅನ್ನುವವರೆಲ್ಲ ಒಂದೇ ದಾರಿ ಹಿಡಿದಿಲ್ಲ.

ಹೆಚ್ಚು ಸುದ್ದಿಯಾದದ್ದು ಗ್ಯಾರಿ ಡೇವಿಸ್ ದಾರಿ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಓಡಿಸಿದ್ದ ಈತ 1948ರಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಪೌರತ್ವವನ್ನೇ ಬಿಟ್ಟುಕೊಟ್ಟ. ಆಮೇಲೆ ಕಟ್ಟಿದ ಸಂಸ್ಥೆಯಿಂದ 'ವಿಶ್ವ ಪಾಸ್‌ಪೋರ್ಟ್' ಹೊರಟಿತು. ಒಳಗೆ 7 ಭಾಷೆ, ಎಲ್ಲ ದೇಶದವರಿಗೂ ಅಂತ ಕಟ್ಟಿದ ಎಸ್ಪೆರಾಂಟೊ ಭಾಷೆ ಕೂಡ ಸೇರಿ. ಆದರೆ ಅದನ್ನು ನಂಬಿ ಟಿಕೆಟ್ ಬುಕ್ ಮಾಡಬೇಡಿ, ಹೆಚ್ಚಿನ ಇಮಿಗ್ರೇಶನ್ ಕೌಂಟರ್‌ಗಳಲ್ಲಿ ಅದು ನಡೆಯಲ್ಲ.

ಎರಡನೇ ದಾರಿ ವರ್ಲ್ಡ್ ಫೆಡರಲಿಸ್ಟ್ ಮೂವ್‌ಮೆಂಟ್ ಅನ್ನುವ ಸಂಘಟನೆಯದು, ಅದು 1947ರದ್ದು. ಗದ್ದಲ ಕಮ್ಮಿ, ಕೆಲಸ ಜಾಸ್ತಿ. ನರಮೇಧ, ಯುದ್ಧಾಪರಾಧ ಮಾಡಿದವರನ್ನು ವಿಚಾರಣೆ ಮಾಡುವ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್‌ಗಾಗಿ ನೂರಾರು ಸಂಘಟನೆಗಳನ್ನು ಒಟ್ಟು ಹಾಕಿತು. 2002ರಲ್ಲಿ ಆ ಕೋರ್ಟಿನ ಒಪ್ಪಂದ ಜಾರಿಗೂ ಬಂತು. ಆದರೆ ಭಾರತ ಇನ್ನೂ ಆ ಒಪ್ಪಂದದ ಹೊರಗೇ ಇದೆ. ಕಾನೂನು ಓದಿದವರಿಗೆ ಈ ಸಂಘಟನೆಯೇ ಸರಿ.

ನನ್ನ ಓಟು ಮಾತ್ರ, ವಿಶ್ವಸಂಸ್ಥೆಗೂ ಒಂದು ಸಂಸತ್ತು ಬೇಕು ಅಂತ 2007ರಲ್ಲಿ ಶುರುವಾದ ಅಭಿಯಾನಕ್ಕೆ. ಈಗ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಸುಮಾರು 10 ಸಾವಿರ ಜನರ ತುವಾಲುಗೂ ಒಂದೇ ಓಟು, 140 ಕೋಟಿಯ ಭಾರತಕ್ಕೂ ಒಂದೇ. ಹಾಕುವವರೂ ಸರ್ಕಾರದ ರಾಯಭಾರಿಗಳು, ಜನ ಆರಿಸಿದವರಲ್ಲ. ಮೊದಲು ದೇಶಗಳ ಸಂಸದರನ್ನು ಕೂರಿಸಿ, ಆಮೇಲೆ ನೇರ ಚುನಾವಣೆ ಅನ್ನೋದು ಇವರ ಲೆಕ್ಕ. ಯುರೋಪಿನ ಸಂಸತ್ತು ಬೆಳೆದದ್ದೂ ಹಾಗೇ, ಅಲ್ಲಿ ನೇರ ಚುನಾವಣೆ ಬಂದದ್ದು 1979ರಲ್ಲಿ. ಕಗ್ಗಂಟು ಇರೋದು ಸೀಟು ಹಂಚಿಕೆಯಲ್ಲಿ: ಬರೀ ಜನಸಂಖ್ಯೆ ನೋಡಿದರೆ ಭಾರತ, ಚೀನಾ ಎರಡೇ ಸೇರಿ ಸೀಟುಗಳಲ್ಲಿ ಮೂರನೇ ಒಂದು ಪಾಲು ತಗೊಂಡುಬಿಡುತ್ತವೆ. ಸಣ್ಣ ದೇಶಗಳು ಸುಮ್ನೆ ಒಪ್ಪುತ್ತವಾ?