ಸ್ಟ್ಯಾಟಿಕ್ ಐಪಿಗೆ ಬಾಡಿಗೆಯೋ, ಐಪಿವಿ6 ಆನ್ ಮಾಡುವುದೋ? ಮುಂಬಯಿ ಕನೆಕ್ಷನ್‌ನಲ್ಲಿ ಹೋಲಿಸಿದ್ದು

ಮೊದಲೇ ಹೇಳಿಬಿಡುತ್ತೇನೆ: ನನ್ನ ಓಟು ಇಂಟರ್‌ನೆಟ್ ವಿಳಾಸಗಳ ಹಳೇ ಪದ್ಧತಿ ಐಪಿವಿ4 (ವಿ4), ಹೊಸ ಪದ್ಧತಿ ಐಪಿವಿ6 (ವಿ6) ಎರಡೂ ಒಟ್ಟಿಗೆ ಓಡುವ ಡ್ಯುಯಲ್ ಸ್ಟ್ಯಾಕ್‌ಗೆ. ವಿ4 ಮುಚ್ಚಿ ಬಳಕೆದಾರರನ್ನು ವಿ6ಗೆ ದೂಡಬೇಕು ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ದೂಡಬೇಕಾದ್ದು ರೌಟರ್ ಮಾಡುವವರನ್ನು, ಕೇಬಲ್‌ವಾಲಾಗಳನ್ನು. ಹೋಲಿಸಲು ಇಟ್ಟುಕೊಂಡ ಕೆಲಸ ಒಂದೇ: ಮಾಟುಂಗದ ಹೋಟೆಲಿನ ಗಲ್ಲಾ ಮೇಲಿನ ಕ್ಯಾಮೆರಾ ಕುಂದಾಪುರದಲ್ಲಿರುವ ಯಜಮಾನರ ಮೊಬೈಲಿನಲ್ಲಿ, ನಡುವೆ ಯಾರ ಕ್ಲೌಡೂ ಇಲ್ಲದೆ, ಕಾಣಬೇಕು.

ಬರೀ ವಿ4: ಇಲ್ಲಿ ಆಟ ಶುರುವಾಗುವ ಮುಂಚೆಯೇ ಮುಗಿಯುತ್ತದೆ. ರೌಟರ್‌ನ ವ್ಯಾನ್ (ಹೊರಗಿನ ಕಡೆಯ) ವಿಳಾಸ 100.64ರಿಂದ 100.127ರೊಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿರುತ್ತಾರೆ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ಒಳಗಿನ ಸಾಧನಕ್ಕೆ ದಾಟಿಸುವ ನಿಯಮ) ಎಷ್ಟು ಸಲ ಹಾಕಿದರೂ ಹೊರಗಿನ ಕೋರಿಕೆ ನಿಮ್ಮ ರೌಟರ್ ತನಕ ಬರುವುದೇ ಇಲ್ಲ.

ವಿ4 ಜೊತೆ ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಸೇರಿದ, ಬದಲಾಗದ ಪಬ್ಲಿಕ್ ವಿಳಾಸ): ಹತ್ತು ನಿಮಿಷದ ಕೆಲಸ, ಆದರೆ ಬಾಡಿಗೆ ನಿಲ್ಲುವುದಿಲ್ಲ. ಜಗತ್ತಿಗೆ ಐಪಿ ವಿಳಾಸ ಹಂಚುವ ಸಂಸ್ಥೆ ಐಯಾನಾದ ವಿ4 ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಅಮೆಜಾನ್ ಕ್ಲೌಡ್ ಕೂಡ 2024ರ ಫೆಬ್ರುವರಿಯಿಂದ ಪ್ರತಿ ಪಬ್ಲಿಕ್ ವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಹಾಕುತ್ತಿದೆ. ಇದು ಅಗ್ಗವಾಗುವ ಸರಕಲ್ಲ.

ಇನ್ನು ಡ್ಯುಯಲ್ ಸ್ಟ್ಯಾಕ್: ವಿ6ನಲ್ಲಿ ರೌಟರ್‌ಗೇ ಪಬ್ಲಿಕ್ ವಿಳಾಸ ಸಿಗುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಆನ್ ಮಾಡಿದ ಮೊದಲ ದಿನ ಬರುವ ದೂರು ಒಂದೇ: "ಕೆಲವು ಸೈಟು ಅರ್ಧ ತೆರೆದು ನಿಂತುಬಿಡುತ್ತೆ." ಕೂಡಲೇ ಎಲ್ಲರೂ ವಿ6 ನಿಧಾನ ಎಂದು ಆಫ್ ಮಾಡುತ್ತಾರೆ. ತಪ್ಪು ವಿ6ನದ್ದಲ್ಲ, ಎಂಟು ಬೈಟಿನದ್ದು. ಇಲ್ಲಿನ ಲೋಕಲ್ ಆಪರೇಟರ್‌ಗಳ ಲೈನು ಸಾಮಾನ್ಯವಾಗಿ ಪಿಪಿಪಿಒಇ, ಅಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವಂಥದ್ದು. ಪ್ರತಿ ಪ್ಯಾಕೆಟ್‌ನಲ್ಲಿ (ಡೇಟಾದ ಕಟ್ಟಿನಲ್ಲಿ) ಅದರ ತಲೆಬರಹಕ್ಕೆ 8 ಬೈಟ್ ಹೋಗಿ 1500 ಬೈಟಿನ ಜಾಗದಲ್ಲಿ 1492 ಉಳಿಯುತ್ತದೆ. ವಿ4ನಲ್ಲಿ ರೌಟರ್ ಎಂಎಸ್‌ಎಸ್ (ಪ್ಯಾಕೆಟ್‌ನೊಳಗಿನ ಡೇಟಾದ ಗರಿಷ್ಠ ಗಾತ್ರ) ಅನ್ನು 1452ಕ್ಕೆ ಇಳಿಸಿ ಸುಧಾರಿಸಿಕೊಳ್ಳುತ್ತದೆ. ಅದನ್ನೇ ವಿ6ಗೆ ಮಾಡಲು ಮರೆತ ಫರ್ಮ್‌ವೇರ್‌ಗಳಿವೆ.

ವಿ6ನಲ್ಲಿ ದಾರಿಯ ರೌಟರ್‌ಗಳು ಪ್ಯಾಕೆಟ್ ತುಂಡು ಮಾಡುವುದಿಲ್ಲ. "ಪ್ಯಾಕೆಟ್ ಟೂ ಬಿಗ್" ಎಂಬ ಐಸಿಎಂಪಿವಿ6 (ವಿ6 ಜಾಲದ ಸೂಚನೆ-ದೋಷ ತಿಳಿಸುವ ವ್ಯವಸ್ಥೆ) ಸಂದೇಶವನ್ನು ಪ್ಯಾಕೆಟ್ ಕಳಿಸಿದವನಿಗೆ ವಾಪಸ್ ಹೇಳುತ್ತವೆ. ಯಾವುದೋ ಫೈರ್‌ವಾಲ್ ಆ ಸಂದೇಶವನ್ನು ನುಂಗಿದರೆ ಸರ್ವರ್ 1500ರ ಪ್ಯಾಕೆಟನ್ನೇ ಕಳಿಸುತ್ತಾ ಕೂರುತ್ತದೆ. ಬ್ರೌಸರ್ ತಾನಾಗಿ ವಿ4ಗೆ ಮರಳಬೇಕಲ್ಲವೇ ಎಂದರೆ, ಇಲ್ಲ: ಸಂಪರ್ಕ ಕುದುರಿಸುವ ಪ್ಯಾಕೆಟ್‌ಗಳು ಪುಟ್ಟವು, ಅವು ಸಲೀಸಾಗಿ ದಾಟುತ್ತವೆ. ಕುದುರಿತು ಎಂದು ಬ್ರೌಸರ್ ನಿಶ್ಚಿಂತೆಯಾದ ಮೇಲೆಯೇ ದೊಡ್ಡವು ಸಿಕ್ಕಿಬೀಳುವುದು.

ಪರಿಹಾರ: ರೌಟರ್‌ನ ಲ್ಯಾನ್ ಐಪಿವಿ6 ಪುಟದಲ್ಲಿ, ರೌಟರ್ ಅಡ್ವರ್ಟೈಸ್‌ಮೆಂಟ್ (ರೌಟರ್ ಒಳಗಿನ ಸಾಧನಗಳಿಗೆ ಸಾರುವ ಸಂದೇಶ) ಕೆಳಗೆ, ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಎಂದು ಬರೆಯಿರಿ. ಆಗ ಫೋನು, ಲ್ಯಾಪ್‌ಟಾಪ್ ತಾವೇ 1432 ಎಂಎಸ್‌ಎಸ್ ಕೇಳುತ್ತವೆ, ಸರ್ವರ್ ಅಷ್ಟೇ ಕಳಿಸುತ್ತದೆ. ಆ ಖಾನೆ ಇಲ್ಲದ ರೌಟರ್ ಆದರೆ ವಿ6 ಎಂಎಸ್‌ಎಸ್ ಕ್ಲ್ಯಾಂಪ್ (ಎಂಎಸ್‌ಎಸ್ ಇಳಿಸುವ ಆಯ್ಕೆ) ಹುಡುಕಿ. ಎರಡೂ ಇಲ್ಲವೇ? ಆ ಡಬ್ಬಿ ಬದಲಿಸಿ. ಏನೇ ಆದರೂ ಐಸಿಎಂಪಿವಿ6 ಪೂರ್ತಿ ಬ್ಲಾಕ್ ಮಾಡಬೇಡಿ. ವಿ4ನಲ್ಲಿ ಪಿಂಗ್ ಮುಚ್ಚಿದ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ವೇಗ: ಕಣ್ಣಿಗೆ ಕಾಣುವ ವ್ಯತ್ಯಾಸ ಏನಿಲ್ಲ.

ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಹಳೇ ಡಿವಿಆರ್‌ಗೆ ವಿ6 ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಅದರ ಪೋರ್ಟನ್ನು ಲೋಕಕ್ಕೆಲ್ಲ ತೆರೆಯುವುದು ಹೇಗೂ ಸಲ್ಲದು. ರೌಟರ್‌ನಲ್ಲೇ ವೈರ್‌ಗಾರ್ಡ್ (ಗುಟ್ಟಾದ ವಿಪಿಎನ್ ಸುರಂಗ) ಹಾಕಿ, ವಿ6 ಫೈರ್‌ವಾಲ್‌ನಲ್ಲಿ ಅದರ ಪೋರ್ಟ್ ಯುಡಿಪಿ 51820 ಒಂದನ್ನೇ ಬಿಡಿ. ಸುರಂಗದೊಳಗೆ ಹಳೇ 192.168 ವಿಳಾಸವೇ ಓಡುತ್ತದೆ. ಹೊರಗಿನ ಹೊದಿಕೆಗೆ 80 ಬೈಟ್ ಬೇಕಾದ್ದರಿಂದ ಸುರಂಗದ ಎಂಟಿಯು 1412 ಇಡಿ. ಲೈನ್ ಕಟ್ಟಾಗಿ ಬಂದಾಗ ವಿ6 ವಿಳಾಸ ಬದಲಾಗಬಹುದು, ವಿಳಾಸ ಬದಲಾದರೂ ಒಂದೇ ಹೆಸರಿನಲ್ಲಿ ಸಿಗುವಂತೆ ಮಾಡುವ ಡೈನಾಮಿಕ್ ಡಿಎನ್‌ಎಸ್ ಇರಲಿ. ಕುಂದಾಪುರದ ವೈಫೈಗೆ ವಿ6 ಇಲ್ಲದಿದ್ದರೆ ಯಜಮಾನರು ವೈಫೈ ಆಫ್ ಮಾಡಿ ವಿ6 ಇರುವ ಮೊಬೈಲ್ ಡೇಟಾದಲ್ಲಿ ನೋಡಲಿ. ಜಿಯೋದಲ್ಲಿ ಅದು ಬರುತ್ತದೆ.

ಒಂದು ಸಂಜೆ ರೌಟರ್ ಮುಂದೆ ಕೂರಲು ತಯಾರಿದ್ದು, ತಿಂಗಳ ಬಾಡಿಗೆ ಹೊಟ್ಟೆ ಉರಿಸುವವರಿಗೆ ಡ್ಯುಯಲ್ ಸ್ಟ್ಯಾಕ್. ರೌಟರ್ ಪಾಸ್‌ವರ್ಡೇ ಗೊತ್ತಿಲ್ಲದ ಹೋಟೆಲಿಗೆ ಸ್ಟ್ಯಾಟಿಕ್ ಐಪಿಯೇ ವಾಸಿ. ಪ್ಲಾನ್ ರಿನ್ಯೂ ಮಾಡುವ ಮುಂಚೆ ಕೇಬಲ್‌ವಾಲಾನನ್ನು ಕೇಳಿ: ಪ್ರಿಫಿಕ್ಸ್ (ನಮಗೆ ಸಿಗುವ ವಿ6 ವಿಳಾಸಗಳ ಗುಚ್ಛ) /56 ಕೊಡುತ್ತೀರೋ, ಬರೀ /64ಓ? /56ರಲ್ಲಿ 256 ಜಾಲ ಆಗುತ್ತವೆ. /64ರಲ್ಲಿ ಒಂದೇ, ಗಿರಾಕಿಗಳ ವೈಫೈಯನ್ನು ಕ್ಯಾಮೆರಾ ಜಾಲದಿಂದ ಬೇರೆ ಇಟ್ಟರೆ ಅದಕ್ಕೆ ವಿ6 ಸಿಗುವುದಿಲ್ಲ.